ಹೊಗೆ ಇಲ್ಲದ ಶೆಗಡಿ

ನನ್ನ ಹೆಂಡತಿಯ ಮೊದಲ ಬಾಣಂತನ ಬಸವಕಲ್ಯಾಣದಲ್ಲಿ, ಆಕೆಯ ತವರಿನಲ್ಲಿ ಆಯಿತು. ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಆ ಚಳಿಗಾಲದಲ್ಲಿ ಆಕೆಯನ್ನೂ ನಮ್ಮ ಮಗಳನ್ನೂ ಕಳೆದುಕೊಳ್ಳುವ ಹಂತಕ್ಕೆ ನಾವು ಬಂದಿದ್ದೆವು. ಅದಕ್ಕೆ ಕಾರಣ ಯಾರ ಅಲಕ್ಷ್ಯವೂ ಅಲ್ಲ. ಆರೈಕೆ ಹೆಚ್ಚಾಗಿತ್ತು.

ನಾನಾಗ ಹುಮನಾಬಾದಿನಲ್ಲಿದ್ದೆ. ಗುಲ್ಬರ್ಗಾದಿಂದ ಹೊರಡುತ್ತಿದ್ದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಕೆಲಸ. ಹೆದ್ದಾರಿಯಲ್ಲಿ ಲಾರಿ ಪಲ್ಟಿ, ಮಾರುಕಟ್ಟೆಯಲ್ಲಿ ತೊಗರಿಯ ಧಾರಣೆ, ಘಾಟಬೋರಾಳದ ಕಡೆ ಬಿದ್ದ ಆಲಿಕಲ್ಲು ಮಳೆ. ಬರೆದದ್ದನ್ನು ಲಕೋಟೆಗೆ ಹಾಕಿ ಸಂಜೆಯ ಬಸ್ಸಿನ ಡ್ರೈವರನ ಕೈಗೆ ಕೊಟ್ಟರೆ ದಿನ ಮುಗಿಯುತ್ತಿತ್ತು. ಭಾನುವಾರ ಮಾತ್ರ ಲಕೋಟೆ ಇರುತ್ತಿರಲಿಲ್ಲ. ಅಂದು ಬೆಳಿಗ್ಗೆ ನಾನೇ ಬಸ್ಸು ಹತ್ತಿ ಹೆಂಡತಿ, ಮಗುವನ್ನು ನೋಡಲು ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅದನ್ನು ಹೆಂಡತಿಯಿಂದ, ಅತ್ತೆಯಿಂದ ಕೇಳಿದ್ದೇನೆ. ಕೇಳಿದ್ದನ್ನು ಕೇಳಿದ್ದೆಂದೇ ಇಲ್ಲಿ ಬರೆಯುತ್ತೇನೆ.

ಮಾವನವರದು ಕಾಳುಕಡಿಯ ಅಡತಿ ಅಂಗಡಿ. ಮನೆ ಹಳೆಯದು. ಮಣ್ಣಿನ ಮಾಳಿಗೆ, ಮೊಳ ದಪ್ಪದ ಕಲ್ಲುಗೋಡೆ, ಪ್ರತಿ ಕೋಣೆಯ ಮಾಳಿಗೆಯಲ್ಲೂ ಒಂದು ಬೆಳಕಿಂಡಿ. ಮಳೆ ಬಂದಾಗ ಅದರ ಮೇಲೆ ಚಪ್ಪಡಿ ಎಳೆಯುತ್ತಿದ್ದರು, ಉಳಿದ ದಿನಗಳಲ್ಲಿ ಅದು ತೆರೆದೇ ಇರುತ್ತಿತ್ತು. ಆ ಮನೆಯ ಹಿಂದಿನ ಬಾಣಂತನಗಳೆಲ್ಲ ಅಡುಗೆಮನೆಗೆ ಹೊಂದಿದ ಒಂದು ಕತ್ತಲೆ ಕೋಣೆಯಲ್ಲಿ ಆಗಿದ್ದವು. ಬಾಣಂತಿ ಮಲಗುವ ಹೊರಸಿನ ಕೆಳಗೆ ಸಗಣಿಕುಳ್ಳಿನ ಬೆಂಕಿ. ಹೊಗೆ ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿ, ಕಣ್ಣು ಉರಿಸಿ, ಕೊನೆಗೆ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು.

ಅತ್ತೆ ಆ ಹೊಗೆಯನ್ನು ಮರೆತಿರಲಿಲ್ಲ. "ನಮ್ಮ ಕಾಲದಾಗ ಬಾಣಂತಿಗಿ ಕಣ್ಣ ತೆರಿಯಾಕ ಬರ್ತಿದ್ದಿಲ್ರಿ," ಎನ್ನುತ್ತಿದ್ದರು. "ನೀರು ಸುರಿತಿದ್ವು. ಹೊಗಿಗಿ ಸುರಿತಾವೋ, ತವರ ಬಿಟ್ಟು ಹೋಗಬೇಕಲ್ಲ ಅಂತ ಸುರಿತಾವೋ, ಯಾರಿಗೂ ತಿಳಿತಿದ್ದಿಲ್ಲ. ನನ್ನ ಮಗಳಿಗಿ ಆ ತಕಲೀಫ್ ಬ್ಯಾಡ."

ಆದ್ದರಿಂದ ಮಗಳ ಬಾಣಂತನಕ್ಕೆ ಎರಡು ಹೊಸ ಏರ್ಪಾಡುಗಳಾದವು. ಒಂದು, ಅಂಗಳದ ಆಚೆ ಮಾವ ಹೊಸದಾಗಿ ಕಟ್ಟಿಸಿದ್ದ ಸಿಮೆಂಟಿನ ಕೋಣೆ. ಸ್ಲಾಬಿನ ಚಾವಣಿ, ಗಾಜಿನ ಕಿಟಕಿ, ಹಸಿರು ಬಣ್ಣದ ಬಾಗಿಲು. ಓಣಿಯಲ್ಲಿ ಅಂಥ ಕೋಣೆ ಅದೇ ಮೊದಲು. "ಒಂದ ಹನಿ ಸೋರಲ್ಲ, ಒಂದ ಇರಿವಿ ಹೊಗಲ್ಲ," ಎಂದು ಮಾವ ಗೋಡೆಯನ್ನು ಎತ್ತಿನ ಬೆನ್ನಿನಂತೆ ತಟ್ಟುತ್ತಿದ್ದರು. ಎರಡನೆಯದು ಇದ್ದಲು. ಚಹಾ ಅಂಗಡಿಯವರು, ಇಸ್ತ್ರಿ ಮಾಡುವವರು ಉರಿಸುವಂಥದ್ದು. ಕಬ್ಬಿಣದ ಶೆಗಡಿಯಲ್ಲಿ ಇದ್ದಲು ಹೊತ್ತಿಸಿ, ಅದು ಕೆಂಡವಾಗಿ ಹೊಗೆ ನಿಂತ ಮೇಲೆ ಅತ್ತೆ ಅದನ್ನು ಒಳಗೆ ತರುತ್ತಿದ್ದರು. ಹೊಗೆಯಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಓಣಿಯ ಹೆಂಗಸರು ಬಂದು ನೋಡಿ ಹೋದರು.

ಇಲ್ಲಿ ಎರಡು ಶಬ್ದಗಳ ಬಗ್ಗೆ ಹೇಳಬೇಕು. ಐವತ್ತಾರರಲ್ಲಿ ರಾಜ್ಯ ಬದಲಾದಾಗ ನಮ್ಮ ಕಡೆಯ ಕಚೇರಿಗಳ ಬೋರ್ಡುಗಳು ಉರ್ದುವಿನಿಂದ ಕನ್ನಡಕ್ಕೆ ತಿರುಗಿದವು. ಮನೆಯ ಮಾತು ತಿರುಗಲಿಲ್ಲ. ಅದರಲ್ಲಿ ಕನ್ನಡದ 'ಗಾಳಿ'ಯೂ ಇತ್ತು, ಉರ್ದುವಿನ 'ಹವಾ'ವೂ ಇತ್ತು. ಪುಸ್ತಕದಲ್ಲಿ ಎರಡೂ ಒಂದೇ. ನಮ್ಮ ಹೆಂಗಸರ ಬಾಯಲ್ಲಿ ಅಲ್ಲ. ಹವಾ ಎಂದರೆ ಮಾಳಿಗೆಯ ಮೇಲೆ ಕೂತು ತಿನ್ನುವಂಥದ್ದು, ಊರು ಬದಲಾಯಿಸಿದರೆ ಮೈಗೆ ಹಿಡಿಸುವಂಥದ್ದು. ಗಾಳಿ ಎಂದರೆ ಬಡಿಯುವಂಥದ್ದು, ಸೋಕುವಂಥದ್ದು, ಹೊಕ್ಕರೆ ಮಂತ್ರಿಸಿ ಬಿಡಿಸಬೇಕಾದದ್ದು. ಬಾಣಂತಿಯದು ಹಸಿ ಮೈ, ಅದಕ್ಕೆ ಗಾಳಿ ಕಾದು ಕೂತಿರುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು. ಕಿವಿಗೆ ಅರಳೆ, ತಲೆಗೆ ಕುಂಚಿಗೆ, ಬಾಗಿಲಿಗೆ ಕಂಬಳಿ, ಎಲ್ಲವೂ ಅದಕ್ಕಾಗಿಯೇ.

ಮೊದಲ ಭಾನುವಾರಗಳು ಈಗಲೂ ಮೂಗಿನಲ್ಲಿವೆ. ಅಂಗಳಕ್ಕೆ ಕಾಲಿಡುವಾಗಲೇ ಅಜವಾನದ ಧೂಪ, ಬೆಳ್ಳುಳ್ಳಿ ಹುರಿದ ಎಣ್ಣೆ, ಅಂಟಿನುಂಡಿಗೆ ಕಾಯಿಸುವ ತುಪ್ಪ. ಬಚ್ಚಲಿನ ಹಂಡೆಯ ಕೆಳಗೆ ತೊಗರಿಕಟ್ಟಿಗೆಯ ಬೆಂಕಿ. ಬಾಣಂತಿಗೂ ಕೂಸಿಗೂ ಎರೆಯಲು ಒಬ್ಬ ಮುದುಕಿ ಬರುತ್ತಿದ್ದಳು, ಮಂಠಾಳದ ಕಡೆಯವಳು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಎರೆಯುವಾಗ ಕೂಸನ್ನು ಕಾಲ ಮೇಲೆ ಬೋರಲು ಹಾಕಿ ತಟ್ಟುತ್ತಾ ಆಕೆ ಆಡುವ ಮಾತೆಲ್ಲ ನನ್ನ ಕಿವಿಗೆ ಬೀಳಲೆಂದೇ ಇರುತ್ತಿತ್ತು.

"ಬಂದ್ರು ನೋಡವ್ವ ನಿಮ್ಮಪ್ಪ, ಪೇಪರಿನವ್ರು. ಊರ ಸುದ್ದಿ ಎಲ್ಲ ಬರಿತಾರ, ಹೆಣ್ತಿ ಸುದ್ದಿ ವಾರಕ್ಕೊಮ್ಮಿ ಕೇಳ್ತಾರ."

"ಏನ್ ಆಯಿ, ಹ್ಯಾಂಗ ಅದ ಕೂಸು?"

"ನಿಮ್ಮ ಹಂಗ ಅದರಿ. ಉಣ್ಣೋದು, ಮಲಗೋದು."

ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿರಲಿಲ್ಲ. ಹೊಸ್ತಿಲಿನ ಈಚೆ ನನಗೊಂದು ಮಣೆ. ಅತ್ತೆ ಕಂಬಳಿ ಸ್ವಲ್ಪ ಸರಿಸಿದರೆ ಒಳಗೆ ಹೆಂಡತಿಯ ಮುಖ ಕಾಣುತ್ತಿತ್ತು. ಶೆಗಡಿಯ ಬೆಳಕಿನಲ್ಲಿ ಆ ಮುಖ ಕೆಂಪಗಿತ್ತು. ಬಸುರಿಯಾಗಿದ್ದಾಗ ಬಿಳಿಚಿಕೊಂಡಿದ್ದವಳು. ಅತ್ತೆಗೆ ಅದೇ ದೊಡ್ಡ ಸಮಾಧಾನ.

"ನೋಡ್ರಿ ಅಳೇಂದ್ರು, ಹ್ಯಾಂಗ ಕೆಂಪ ಆಗ್ಯಾಳ. ಟಮಾಟಿ ಆಗ್ಯಾಳ. ರಕ್ತ ತುಂಬಾಕತ್ತದ."

"ನನ್ನ ತಲಿ ನೋಯಾಕತ್ತದ," ಎಂದಳು ಒಳಗಿನಿಂದ ಹೆಂಡತಿ.

"ನೋಯ್ತದವ. ಹಡದಾಕಿ ಅಲ್ಲೇನು?"

ಚಳಿ ಏರಿತು. ತಲೆನೋವೂ ಏರಿತು. ಮುಂದಿನ ವಾರ ಆಕೆಗೆ ಊಟ ಸೇರುತ್ತಿರಲಿಲ್ಲ, ತಿಂದದ್ದು ವಾಂತಿಯಾಗುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಮಾತಿನ ನಡುವೆಯೇ ನಿದ್ದೆ. ಕೂಸು ಹಾಲಿಗೂ ಏಳುತ್ತಿರಲಿಲ್ಲ. 'ಎಷ್ಟು ಶಾಂತ ಕೂಸು' ಎಂದು ಓಣಿಯವರು ಹೊಗಳಿದ್ದರಂತೆ. ಬಾಣಂತಿಗೆ ತಲೆ ನೋಯುತ್ತದೆ ಎಂದರೆ ಎಲ್ಲರಿಗೂ ಹೊಳೆದದ್ದು ಒಂದೇ ಕಾರಣ. ಗಾಳಿ ಹೊಕ್ಕಿದೆ. ಎಲ್ಲಿಂದ ಹೊಕ್ಕಿತು ಎಂದು ಅತ್ತೆ ಕೋಣೆಯನ್ನೆಲ್ಲ ಹುಡುಕಿದರು. ಕಿಟಕಿಯ ಚೌಕಟ್ಟಿನಲ್ಲಿ ಬೆರಳಿನಷ್ಟು ಸಂದಿ ಕಂಡಿತು. ಅದಕ್ಕೆ ಹಳೆಯ ಸೀರೆಯ ಚಿಂದಿ ತುರುಕಿದರು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ. ಮೈ ಇನ್ನಷ್ಟು ಕಾಯಲಿ ಎಂದು ಶೆಗಡಿಗೆ ಇನ್ನೊಂದು ಬೊಗಸೆ ಇದ್ದಲು. ಮರುದಿನ ತಲೆನೋವು ಹೆಚ್ಚಾಯಿತು. ಗಾಳಿ ಇನ್ನೂ ಎಲ್ಲಿಂದಲೋ ಬರುತ್ತಿದೆ ಎಂದು ಅತ್ತೆ ಮತ್ತೆ ಹುಡುಕಿದರು.

ಇದನ್ನು ಅತ್ತೆಯೇ ನನಗೆ ಆಮೇಲೆ ಹೇಳಿದ್ದು. ಏನೂ ಮುಚ್ಚಿಡದೆ, ಒಂದಾದ ಮೇಲೆ ಒಂದು.

ಅದರ ಮುಂದಿನ ಭಾನುವಾರ ನಾನು ಹೋದಾಗ ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಎರೆದು ಆಗಿತ್ತು. ಎರೆದಾದ ಮೇಲೆ ಬಾಗಿಲು ಭದ್ರ ಮಾಡಿ, ಶೆಗಡಿ ತುಂಬಿ, ಬಾಣಂತಿಯನ್ನು ಕಾಯಿಸುತ್ತಾ ಮಲಗಿಸುವುದು ರೂಢಿ. ಅತ್ತೆ ಕೂಸನ್ನು ನನಗೆ ತೋರಿಸಲು ಹೊರಗೆ ತಂದರು. ಕೂಸಿನ ಕೈ ಜೋತುಬಿದ್ದಿತ್ತು. ಕೆನ್ನೆ ಮುಟ್ಟಿದರೂ ತುಟಿ ಅಲುಗಲಿಲ್ಲ. ನಾನು ಅದನ್ನು ಎತ್ತಿಕೊಂಡು ಹೆಂಡತಿಯನ್ನು ಕೂಗಿದೆ. ಉತ್ತರವಿಲ್ಲ.

"ಮಲಗ್ಯಾಳ್ರಿ," ಎಂದರು ಅತ್ತೆ.

ಇನ್ನೊಮ್ಮೆ ಕೂಗಿದೆ. ಅತ್ತೆಯೂ ಕೂಗಿದರು. ಅವರ ದನಿ ನಡುವೆ ಒಡೆಯಿತು. ಒಳಗೆ ಹೋಗಿ ಭುಜ ಹಿಡಿದು ಅಲುಗಿಸಿದ್ದು ನನಗೆ ಕೇಳಿಸಿತು. "ಏಳವ್ವ, ಏ ಮಗಳಾ, ಕಣ್ಣ ತೆರಿಯವ್ವ." ಮಾವ ಪಡಸಾಲೆಯಿಂದ ಎದ್ದವರು ಚಪ್ಪಲಿ ಮೆಟ್ಟದೆ ಡಾಕ್ಟರನ್ನು ಕರೆಯಲು ಓಡಿದರು. ಡಾಕ್ಟರರ ದವಾಖಾನೆ ಅದೇ ಓಣಿಯ ತುದಿಗಿತ್ತು.

ನಾನು ಕೂಸನ್ನು ಆಯಿಯ ಮಡಿಲಿಗೆ ಹಾಕಿ ಹೊಸ್ತಿಲು ದಾಟಿದೆ. ಕೋಣೆ ಸೆಕೆಯಿಂದ ಬಿಗಿದಿತ್ತು. ಹೊಗೆ ಇರಲಿಲ್ಲ. ಸುಟ್ಟ ವಾಸನೆ ಇರಲಿಲ್ಲ. ಶೆಗಡಿಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಹೆಂಡತಿಯ ಮುಖ, ತುಟಿ ಎರಡೂ ಕೆಂಪಗಿದ್ದವು. ಕಾಯಿಲೆಯ ಲಕ್ಷಣ ಆ ಮುಖದಲ್ಲಿ ಒಂದೂ ಇರಲಿಲ್ಲ, ಎಚ್ಚರ ಇಲ್ಲದ್ದೊಂದನ್ನು ಬಿಟ್ಟು. ಏನಾಗಿದೆ ಎಂದು ನನಗೆ ತಿಳಿದಿರಲಿಲ್ಲ. ಅಲ್ಲಿ ನಿಲ್ಲಲಾರದೆ ಹೊರಸನ್ನು ಬಾಗಿಲ ಕಡೆ ಎಳೆಯತೊಡಗಿದೆ.

"ಹೊರಗ ತರಬ್ಯಾಡ್ರಿ!" ಎಂದು ಆಯಿ ಅಂಗಳದಿಂದ ಕೂಗಿದಳು. "ಈಗ ಎರದದ. ಹಸಿ ಮೈಯಾಕಿಗಿ ಗಾಳಿ ಬಡದ್ರ ಮುಗೀತು, ನಾ ಹೊಣಿ ಅಲ್ಲ!"

ಅತ್ತೆ ನನಗಿಂತ ಮುಂಚೆ ಬಾಗಿಲಿಗೆ ಹೋಗಿ ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತರು. ನನ್ನನ್ನು ತಡೆಯಬೇಕೆಂದಲ್ಲ. ಹೊರಗೆ ಕಾದು ಕೂತ ಯಾವುದನ್ನೋ ತಡೆಯಲು. ಬೆನ್ನು ನಮ್ಮ ಕಡೆಗಿತ್ತು.

"ಅತ್ತಿ, ಸರೀರಿ."

ಅವರು ಸರಿಯಲಿಲ್ಲ. ಅಷ್ಟರಲ್ಲಿ ಡಾಕ್ಟರ್ ಅಂಗಳಕ್ಕೆ ಬಂದರು. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿದವರು, ನಿಧಾನದ ಮನುಷ್ಯ. ಚೌಕಟ್ಟು ಹಿಡಿದ ಅತ್ತೆಯನ್ನು, ಅವರ ಹಿಂದಿನ ಹೊರಸನ್ನು, ಕೆಂಡ ತುಂಬಿದ ಶೆಗಡಿಯನ್ನು, ಕಿಟಕಿಗೆ ತುರುಕಿದ್ದ ಚಿಂದಿಯನ್ನು ಒಂದರ ಮೇಲೊಂದು ನೋಡಿದರು. ಅವರು ಬೈಯಬಹುದಿತ್ತು. ಬೈದಿದ್ದರೆ ಅತ್ತೆ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದರು.

"ಅಮ್ಮಾ," ಎಂದರು ಡಾಕ್ಟರ್, "ಆಕಿಗಿ ಗಾಳಿ ಬ್ಯಾಡೇ ಬ್ಯಾಡ. ಹವಾ ಬೇಕು. ಹವಾ ಕೊಡಾಕ ಹೊರಗ ತರೋದು. ಜಲ್ದಿ."

ಅತ್ತೆಯ ಕೈ ಚೌಕಟ್ಟಿನಿಂದ ಇಳಿಯಿತು. "ಹವಾನಾ?" ಎಂದರು. ಆಮೇಲೆ ತಾವೇ ಹೊರಸಿನ ಒಂದು ಕಾಲು ಹಿಡಿದು ಎತ್ತಿದರು.

ಅಂಗಳದ ನಡುವೆ, ನೆರಳು ಬಿಸಿಲು ಕೂಡುವ ಕಡೆ ಹೊರಸು ಇಟ್ಟೆವು. ಡಾಕ್ಟರ್ ಕುಂಚಿಗೆ ಬಿಚ್ಚಿಸಿದರು, ನಾಡಿ ಹಿಡಿದರು, ಕಂಪೌಂಡರನನ್ನು ಕಳಿಸಿ ಸಿಲಿಂಡರ್ ತರಿಸಿದರು. ಕರಿ ಮೈ, ಬಿಳಿ ಹೆಗಲಿನ ಆ ಸಿಲಿಂಡರ್ ತರಕಾರಿಯ ಕೈಗಾಡಿಯಲ್ಲಿ ಬಂತು. ಹಿಂದೆ ಅರ್ಧ ಓಣಿ ಬಂತು. ರಬ್ಬರಿನ ಕೊಳವೆಯ ತುದಿಯ ಮುಸುಕನ್ನು ಹೆಂಡತಿಯ ಮೂಗುಬಾಯಿಗೆ ಇಟ್ಟರು. ನಡುನಡುವೆ ಅದನ್ನೇ ಕೂಸಿನ ಮುಖದ ಹತ್ತಿರ ಹಿಡಿದರು. ಮೊದಲು ಅತ್ತದ್ದು ಕೂಸು. ತಿಂಗಳ ಕೂಸಿನ ಆ ಅಳು ಅಷ್ಟು ಜೋರಾಗಿರುತ್ತದೆಂದು ಮನೆಯಲ್ಲಿ ಯಾರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೆಂಡತಿ ಕಣ್ಣು ತೆರೆಯಲು ಹೆಚ್ಚು ಹೊತ್ತು ಹಿಡಿಯಿತು. ತೆರೆದವಳು ಸುತ್ತ ನೆರೆದ ಜನರನ್ನು ನೋಡಿ, ಸೆರಗು ಹುಡುಕಿ, "ಯಾಕ, ಏನಾಗ್ಯದ?" ಎಂದಳು. ಅತ್ತೆ ಅಂಗಳದ ಮಣ್ಣಿನ ಮೇಲೆಯೇ ಕೂತುಬಿಟ್ಟರು.

ಮಧ್ಯಾಹ್ನ ಡಾಕ್ಟರ್ ಹೋಗಲಿಲ್ಲ. ನಾಡಿ ನೋಡುತ್ತಾ ಅಲ್ಲಿಯೇ ಕೂತರು. ಚಹಾ ಬಂತು. ಅವರು ಮೊದಲು ಹೆಂಡತಿಯನ್ನು ಕೇಳಿದ್ದು, ತಲೆನೋವು ಯಾವಾಗ ಇಳಿಯುತ್ತಿತ್ತು ಎಂದು. ಯಾವಾಗ ಏರುತ್ತಿತ್ತು ಎಂದು ನಾವೆಲ್ಲ ಕೇಳಿದ್ದೆವು. ಇದನ್ನು ಕೇಳಿರಲಿಲ್ಲ.

"ಬಚ್ಚಲಕ್ಕ ಹೋದಾಗ," ಎಂದಳು ಆಕೆ. "ಎರಕೊಂಡು ಬರೋತನ ಹಗುರ ಇರ್ತಿತ್ತು."

"ನಿನಗ, ಆಯಿ?"

"ಕ್ವಾಣ್ಯಾಗ ಕುಂತ್ರ ನನಗೂ ತಲಿ ಹಿಡಿತಿತ್ತರಿ. ವಯಸ್ಸಾತಲ್ಲ ಅಂತ ಸುಮ್ಮನಿದ್ದೆ."

ಡಾಕ್ಟರ್ ತಲೆಯಾಡಿಸಿದರು. ಅತ್ತೆಯ ಪ್ರಶ್ನೆ ಬೇರೆ ಇತ್ತು. ಬೆಳಿಗ್ಗೆಯಿಂದ ಅದು ಅವರ ಗಂಟಲಲ್ಲೇ ಇತ್ತೆಂದು ಕಾಣುತ್ತದೆ.

"ಮುಖ ಕೆಂಪಗಿತ್ತಲ್ರೀ ಡಾಕ್ಟ್ರೇ. ರಕ್ತ ಚಲೋ ಇದ್ರ ಅಲ್ಲೇನು ಕೆಂಪ ಆಗೋದು?"

"ರಕ್ತ ಭರಪೂರ ಅದ ಅಮ್ಮಾ. ಮಾಲ ಇಳಿಸಾಕತ್ತಿದ್ದಿಲ್ಲ." ಅವರು ಚಹಾದ ಬಟ್ಟಲು ಕೆಳಗಿಟ್ಟರು. "ಹಿಂಗ ತಿಳಿರಿ. ರಕ್ತದಾಗ ಸಣ್ಣ ಸಣ್ಣ ಬಸ್ ಓಡ್ತಾವ. ನಮ್ಮ ಸರಕಾರಿ ಬಸ್ ಹಂಗ ಕೆಂಪ. ಎದಿಯೊಳಗ ಪುಪ್ಪಸ ಅದಲ್ಲ, ಅದು ಹುಮನಾಬಾದ ಬಸ್ ಸ್ಟ್ಯಾಂಡ್. ನಾವು ಉಸಿರ ಎಳದ್ರ ಪ್ರಾಣವಾಯು ಬಂದು ಅಲ್ಲಿ ಬಸ್ ಹತ್ತತದ. ಬಸ್ ಹಳ್ಳಿ ಹಳ್ಳಿಗಿ ಹೋಗ್ತದ. ಮಿದುಳು ಒಂದ ಹಳ್ಳಿ, ಹೃದಯ ಒಂದ ಹಳ್ಳಿ, ಕೈಕಾಲು ಒಂದೊಂದು. ಪ್ರಾಣವಾಯು ಅಲ್ಲಿ ಇಳಿತದ. ಅಲ್ಲಿ ಉರದು ಉಳದ ಕೆಟ್ಟ ಹವಾ ಹತ್ತತದ, ವಾಪಸ್ ಸ್ಟ್ಯಾಂಡಿಗಿ ಬಂದು ಉಸಿರಿನಾಗ ಹೊರಗ ಹೋಗ್ತದ. ಬರೋಬ್ಬರಿ?"

"ಬರೋಬ್ಬರಿ," ಎಂದರು ಮಾವ.

"ಇದ್ದಲಿ ಕೆಂಡ ಮುಚ್ಚಿದ ಕ್ವಾಣ್ಯಾಗ ಉರದ್ರ ಒಂದ ಹವಾ ಹುಟ್ಟತದ. ಬಣ್ಣ ಇಲ್ಲ, ವಾಸನಿ ಇಲ್ಲ. ಅದು ಲಗ್ನದ ದಿಬ್ಬಣ ಇದ್ದಂಗ. ಎಲ್ಲರಿಗಿಂತ ಮೊದಲ ನುಗ್ಗಿ ಸೀಟೆಲ್ಲ ಹಿಡಿತದ. ಊರ ಬಂದ್ರೂ ಇಳಿಯಲ್ಲ. ಹಂಗೇ ಸುತ್ತತದ."

"ಟಿಕೀಟ?" ಎಂದರು ಮಾವ, ವ್ಯಾಪಾರದವರು.

"ಟಿಕೀಟೂ ಇಲ್ಲ."

"ಸೀಟ ಹಿಡಿಯೋದು, ಇಳಿಲಾರದ್ದು, ಟಿಕೀಟ ಇಲ್ಲ," ಎಂದಳು ಆಯಿ ನನ್ನ ಕಡೆ ನೋಡುತ್ತಾ. "ಇದು ನಮ್ಮ ಬೀಗರ ದಿಬ್ಬಣ ಅದರಿ."

ಹೊರಸಿನ ಮೇಲೆ ಹೆಂಡತಿ ನಕ್ಕಳು. ಮುಸುಕಿನೊಳಗಿಂದ ಬಂದ ಆ ನಗು ಎಂಥದೋ ಆಗಿ ಕೇಳಿಸಿತು. ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

"ಮತ್ತ ನಡುವ ನಾಕ ಮಂದಿ ಪ್ರಾಣವಾಯು ಹತ್ತಿದ್ರೂ," ಡಾಕ್ಟರ್ ಮುಂದುವರಿಸಿದರು, "ಬಾಗಿಲಾಗ ದಿಬ್ಬಣ ನಿಂತದ, ಅವ್ರಿಗೂ ಇಳಿಯಾಕ ದಾರಿ ಇಲ್ಲ. ರೋಡಿನ ಮ್ಯಾಲ ನಿಂತು ನೋಡಿದವ್ರಿಗಿ ಏನ ಕಾಣ್ತದ ಅಮ್ಮಾ? ಬಸ್ ಭರ್ತಿ ಅದ, ಕೆಂಪಗ ಅದ, ಚಲೋ ಓಡಾಕತ್ತದ. ಆದ್ರ ಹಳ್ಳ್ಯಾಗ ಯಾರೂ ಇಳದಿಲ್ಲ. ಹಳ್ಳಿ ಉಪವಾಸ. ಮಿದುಳು ಉಪವಾಸ ಬಿದ್ರ ತಲಿನೋವು, ನಿದ್ದಿ. ಹೃದಯ ಉಪವಾಸ ಬಿದ್ರ..." ಅಲ್ಲಿಗೆ ನಿಲ್ಲಿಸಿದರು.

"ಮತ್ತ ಈ ಸಿಲಿಂಡರು?" ಎಂದರು ಮಾವ.

"ಸ್ಟ್ಯಾಂಡಿನಾಗ ಪ್ರಾಣವಾಯುವಿನ ಗರ್ದಿ ಮಾಡೋದು. ಗರ್ದಿ ಹೆಚ್ಚಾದ್ರ ದಿಬ್ಬಣ ಒಬ್ಬೊಬ್ಬರೇ ಸೀಟ ಬಿಡ್ತಾರ. ಟೈಮ್ ಹಿಡಿತದ."

ಡಾಕ್ಟರರ ಬಸ್ಸನ್ನು ನಾನು ನಂಬಿದೆ. ಆದರೂ ಪರಿಶೀಲಿಸದೆ ಬಿಡುವ ಅಭ್ಯಾಸ ನನಗಿರಲಿಲ್ಲ. ಆಮೇಲೆ ಹುಮನಾಬಾದಿನ ಕಾಲೇಜು ಉಪನ್ಯಾಸಕರೊಬ್ಬರ ಪುಸ್ತಕ ಕೇಳಿ ಓದಿದೆ. ದೇಹದ ಕೆಲಸ ಮಾಡುವ ಜೀವಕೋಶಗಳ ಹೆಣಿಗೆಗೆ ಅದರಲ್ಲಿ ಅಂಗಾಂಶ ಎಂಬ ಹೆಸರಿತ್ತು. ಕೂದಲಿಗಿಂತ ಎಷ್ಟೋ ಸಣ್ಣದಾದ ರಕ್ತನಾಳಗಳು ಪ್ರತಿ ಅಂಗಾಂಶದ ಒಳಗೂ ಹಾದು ಹೋಗುತ್ತವೆ. ಅವುಗಳ ಗೋಡೆ ಒಂದೇ ಜೀವಕೋಶದಷ್ಟು ತೆಳು. ರಕ್ತದಲ್ಲಿ ಆಮ್ಲಜನಕ ಹೆಚ್ಚು, ಅಂಗಾಂಶದಲ್ಲಿ ಕಡಿಮೆ. ಆದ್ದರಿಂದ ಅದು ಯಾರೂ ತಳ್ಳದೆ ತಾನಾಗಿ ಆ ಕಡೆ ದಾಟುತ್ತದೆ. ಇಂಗಾಲದ ಡೈಆಕ್ಸೈಡ್ ಅಂಗಾಂಶದಲ್ಲಿ ಹೆಚ್ಚು, ರಕ್ತದಲ್ಲಿ ಕಡಿಮೆ. ಅದು ಈ ಕಡೆ ದಾಟುತ್ತದೆ. ಅದರ ಸ್ವಲ್ಪ ಭಾಗ ಮಾತ್ರ ಕೆಂಪು ಕಣಗಳಿಗೆ ಅಂಟಿ ಹೋಗುತ್ತದೆ. ಬಹುಪಾಲು ಬೇರೆ ರೂಪ ತಾಳಿ ರಕ್ತದ ನೀರಿನಲ್ಲೇ ಕರಗಿ ಹೋಗುತ್ತದೆ. ಬಸ್ಸಿನ ಹೋಲಿಕೆ ಅಷ್ಟರಮಟ್ಟಿಗೆ ಸಡಿಲ. ಎಲ್ಲಿ ಕೆಲಸ ಹೆಚ್ಚು ನಡೆದು, ಬಿಸಿಯೇರಿ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದೆಯೋ ಅಲ್ಲಿ ರಕ್ತ ಆಮ್ಲಜನಕದ ಹಿಡಿತವನ್ನು ಹೆಚ್ಚು ಸಡಿಲಿಸುತ್ತದೆ ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ಕೊಡುವುದಕ್ಕೆ ಬಿಡುವುದೂ ಬೇಕು. ಇದ್ದಲಿನ ಅನಿಲ, ಇಂಗಾಲದ ಮಾನಾಕ್ಸೈಡ್, ಕೆಡಿಸಿದ್ದು ಆ ಬಿಡುವ ಗುಣವನ್ನೂ. ಹೊಗೆ ಇದ್ದ ಹಳೆಯ ಕತ್ತಲೆ ಕೋಣೆಯಲ್ಲಿ ಯಾರೂ ಸಾಯದಿದ್ದದ್ದಕ್ಕೆ ಕಾರಣ ಬೆಳಕಿಂಡಿ ಎಂದು ಪುಸ್ತಕದಲ್ಲಿ ಇರಲಿಲ್ಲ. ಅದು ನನ್ನ ಊಹೆ. ಡಾಕ್ಟರ್ ಒಪ್ಪಿದರು.

ಈ ವಿಷಯ ನಾಲ್ಕು ಜನಕ್ಕೆ ತಿಳಿಯಬೇಕೆಂದು ಸಣ್ಣ ಸುದ್ದಿ ಬರೆದೆ. ಹೆಸರು ಹಾಕಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಸಬಾರದು, ಬಾಣಂತಿಗೆ ಹವಾ ಬೇಕು ಎನ್ನುತ್ತಾರೆ ವೈದ್ಯರು. ಲಕೋಟೆ ಬಸ್ಸಿಗೆ ಹೋಯಿತು. ಗುಲ್ಬರ್ಗಾದ ಕಚೇರಿಯಲ್ಲಿ ಯಾರೋ ಒಬ್ಬ ಸಹೋದ್ಯೋಗಿ, ಶುದ್ಧ ಕನ್ನಡದ ಕಾಳಜಿ ಉಳ್ಳವರು, 'ಹವಾ' ಎಂಬುದನ್ನು ಹೊಡೆದುಹಾಕಿದರು. ಶೀರ್ಷಿಕೆಯನ್ನೂ ಕೊಟ್ಟರು. ಅಚ್ಚಾಗಿ ಬಂದದ್ದು ಹೀಗೆ: 'ಬಾಣಂತಿಯರಿಗೆ ಗಾಳಿ ಸೋಕಬೇಕು: ವೈದ್ಯರ ಸಲಹೆ.'

ಓಣಿಯಲ್ಲಿ ಆ ಪತ್ರಿಕೆಯನ್ನು ಓದಿಸಿ ಕೇಳಿದರಂತೆ. ಮುಂದಿನ ಭಾನುವಾರ ನಾನು ಬಸ್ಸಿಳಿದು ಓಣಿಗೆ ತಿರುಗುವಾಗಲೇ ಒಬ್ಬ ಹೆಂಗಸು ಕಟ್ಟೆಯ ಮೇಲಿಂದ ಕೂಗಿದಳು.

"ಏನ್ರೀ ಪೇಪರಿನವ್ರೇ, ಬಾಣಂತ್ಯಾರಿಗಿ ಗಾಳಿ ಸೋಕಬೇಕಂತ ಬರದೀರಂತ! ಹೆಣ್ತಿ ಮ್ಯಾಲ ಏನ ಸಿಟ್ಟರಿ?"

ಇನ್ನೊಬ್ಬಳು ಪಕ್ಕದಿಂದ, "ಸೋಕಿದ್ದಕ್ಕೇ ಅಲ್ಲೇನು ಆಕಿ ಎಚ್ಚರ ತಪ್ಪಿದ್ದು. ಡಾಕ್ಟ್ರು ಕರಿ ಬುಡ್ಡ್ಯಾಗ ಹಿಡದುಕೊಂಡು ಹೋದ್ರು."

ಓಣಿ ತನ್ನ ವರದಿಯನ್ನು ತಾನೇ ಬರೆದುಕೊಂಡಿತ್ತು. ಗಾಳಿ ಹೊಕ್ಕಿತ್ತು, ಸಿಲಿಂಡರಿನಲ್ಲಿ ಡಾಕ್ಟರ್ ಅದನ್ನು ಎಳೆದುಕೊಂಡರು. ಆ ವರದಿಯಲ್ಲಿ ಯಾರದೂ ತಪ್ಪಿರಲಿಲ್ಲ. ಅತ್ತೆಗಂತೂ ಅದರಷ್ಟು ಅನುಕೂಲದ ಮಾತು ಬೇರೆ ಇರಲಿಲ್ಲ. ಬಾಣಂತನ ಮಾಡುವುದರಲ್ಲಿ ಆ ಓಣಿಗೆ ಅವರದೇ ಮಾತು ನಡೆಯುತ್ತಿತ್ತು. ಯಾವ ಮನೆಯಲ್ಲಿ ಹೆರಿಗೆಯಾದರೂ ಖಾರ ಕುಟ್ಟಲು, ಉಂಡಿ ಕಟ್ಟಲು, ಬೆಂಕಿ ಹಾಕಲು ಅವರನ್ನು ಕೇಳುತ್ತಿದ್ದರು. ಆ ಚಳಿಗಾಲದಲ್ಲಿ ಅವರನ್ನು ನೋಡಿಯೇ ಇನ್ನೆರಡು ಮನೆಯವರು ಇದ್ದಲು ತರಿಸಿದ್ದರು. ಒಂದು ಮನೆಯಲ್ಲಿ ಬಾಣಂತಿ ಇನ್ನೂ ಕೋಣೆಯಲ್ಲೇ ಇದ್ದಳು.

ಮುಂದಿನದನ್ನು ನಾನು ನೋಡಿಲ್ಲ. ಹೆಂಡತಿ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಕೇಳಿಸಿಕೊಂಡದ್ದು. ಓಣಿಯ ನಳದ ಹತ್ತಿರ ಕೊಡಗಳ ಸಾಲು ಇತ್ತಂತೆ. ಗಾಳಿಯ ಮಾತು ಮತ್ತೆ ಬಂತಂತೆ. ಅತ್ತೆ ತಮ್ಮ ಕೊಡವನ್ನು ನೆಲಕ್ಕಿಟ್ಟರು.

"ಯಾವ ಗಾಳಿನೂ ಹೊಕ್ಕಿದ್ದಿಲ್ಲ," ಎಂದರು. "ನನ್ನ ಶೆಗಡಿನೇ ಮಾಡಿದ್ದು. ನಾನೇ ಹೊತ್ತಿಸೀನಿ, ನಾನೇ ಒಳಗ ಇಟ್ಟೀನಿ, ನಾನೇ ಖಿಡಕಿ ಸಂದಿಗಿ ಅರಿಬಿ ತುರುಕೀನಿ."

"ಹಂಗ್ಯಾಕ ಅಂತೀ ಅಕ್ಕಾ. ತಾಯಿ ಆದಾಕಿ..."

"ತಾಯಿ ಆದಾಕಿನೇ ತುರುಕಿದ್ದು. ನಿಮ್ಮ ಸೊಸಿ ಕ್ವಾಣ್ಯಾಗ ಶೆಗಡಿ ಅದ ಇಲ್ಲ? ಈಗ ಹೋಗಿ ಹೊರಗ ಇಡು. ಆಮ್ಯಾಲ ಬಂದು ನನಗ ಬೈ."

ಆ ಹೆಂಗಸು ಕೊಡ ಬಿಟ್ಟು ಮನೆಗೆ ಹೋದಳು. ಶೆಗಡಿ ಹೊರಗೆ ಬಂತೋ ಇಲ್ಲವೋ ಎಂದು ಅತ್ತೆ ಸಂಜೆ ಹೋಗಿ ನೋಡಿ ಬಂದರಂತೆ.

ಕೆಲವು ಮನೆಯವರು ಆಮೇಲೆ ಅವರನ್ನು ಕ್ರಮೇಣ ಕರೆಯುವುದು ಬಿಟ್ಟರು. 'ಥಂಡಿ ಬಾಣಂತನದಾಕಿ' ಎಂದು ಹೆಸರಿಟ್ಟರು. ಕರೆಯದಿದ್ದರೂ ಅವರು ಹೋಗುತ್ತಿದ್ದರು. ಹೋದವರು ಕೂಸನ್ನು ನೋಡುವ ಮೊದಲು ಮಾಳಿಗೆ ನೋಡುತ್ತಿದ್ದರು. "ಹವಾ ಎಲ್ಲಿಂದ ಬರ್ತದ? ತೋರಸ್ರಿ," ಎನ್ನುತ್ತಿದ್ದರು. ಹವಾ ಎಂದೇ. ಗಾಳಿಯ ಮೇಲಿನ ಅವರ ದ್ವೇಷ ಕೊನೆಯವರೆಗೂ ಹಾಗೆಯೇ ಇತ್ತು. ಬಾಣಂತಿಯ ಕಿವಿಗೆ ಅರಳೆ ಇಲ್ಲದಿದ್ದರೆ ಆಗಲೂ ಬೈಯುತ್ತಿದ್ದರು. ಮನೆಯ ಸಿಮೆಂಟಿನ ಕೋಣೆಗೆ ಚಾವಣಿಯ ಹತ್ತಿರ ಒಂದು ತೂತು ಬೇಕೆಂದು ಹಟ ಹಿಡಿದರು. ಮಾವ ಒಪ್ಪಲಿಲ್ಲ, ಗೋಡೆ ಕೆಡುತ್ತದೆ ಎಂದರು. ಅವರು ಅಡತಿ ಅಂಗಡಿಗೆ ಹೋಗಿದ್ದ ಒಂದು ಬೆಳಿಗ್ಗೆ ಅತ್ತೆ ಗೌಂಡಿಯನ್ನು ಕರೆಸಿ ಒಡೆಸಿದರು. ಮಾವ ಸಂಜೆ ಬಂದು, ತೂತಿನ ಕೆಳಗೆ ನಿಂತು, ಬಹಳ ಹೊತ್ತು ಮೇಲೆ ನೋಡಿದರು. "ಇರಿವಿ ಬರ್ತಾವ," ಎಂದರು. "ಬರ್ಲಿ," ಎಂದರು ಅತ್ತೆ.

ಎಂಬತ್ತರ ದಶಕದ ಮೊದಲಲ್ಲಿ ನಮಗೆ ಮಗ ಹುಟ್ಟಿದ. ಅದೂ ಚಳಿಗಾಲ, ಅದೇ ಕೋಣೆ. ಹುಮನಾಬಾದಿನಲ್ಲಿ ಆಗ ಔಷಧಿ ಕಾರ್ಖಾನೆಗಳು ಏಳುತ್ತಿದ್ದವು, ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಿದ್ದವು, ನನ್ನ ಭಾನುವಾರದ ಬಸ್ಸಿಗೆ ಮಾತ್ರ ಅದೇ ಹಳೆಯ ಗಡಗಡ. ಗಂಡಸರು ಹೊಸ್ತಿಲು ದಾಟಬಾರದೆಂಬ ಮಾತನ್ನು ಆ ಮನೆಯಲ್ಲಿ ಯಾರೂ ನನಗೆ ಹೇಳುತ್ತಿರಲಿಲ್ಲ. ನಾನು ಒಳಗೆ ಮಣೆ ಹಾಕಿಕೊಂಡು ಕೂತಿದ್ದೆ. ಕಿಟಕಿ ಅರ್ಧ ತೆರೆದಿತ್ತು. ಬೆಂಕಿ ಅಂಗಳದಲ್ಲಿತ್ತು, ಒಳಗೆ ಬರುತ್ತಿದ್ದದ್ದು ಕಾಯಿಸಿದ ಇಟ್ಟಿಗೆ, ಬಟ್ಟೆಯಲ್ಲಿ ಸುತ್ತಿ. ಹೆಂಡತಿ ಎರಡು ಕಂಬಳಿಯ ಕೆಳಗೆ ಮೊಣಕಾಲು ಮಡಚಿ ಮಲಗಿದ್ದಳು.

"ಯವ್ವಾ, ಥಂಡಿ ಆಗಾಕತ್ತದ. ಖಿಡಕಿ ಹಾಕವ್ವ."

ಅತ್ತೆ ಇಟ್ಟಿಗೆಯನ್ನು ಆಕೆಯ ಕಾಲ ಬುಡಕ್ಕೆ ಸರಿಸಿದರು. ಕಿಟಕಿಯ ಕಡೆ ಹೋಗಲಿಲ್ಲ.

"ಆಗ್ಲಿ," ಎಂದರು. "ಥಂಡಿ ಆಗ್ತದ ಅನ್ನಾಕ ಎಚ್ಚರ ಇದ್ದಿಯಲ್ಲ. ಅನ್ಕೋತ ಇರು."